ಬಯಲಿನ ಸವಾರ, ಬೆಟ್ಟದ ಸ್ಪರ್ಧೆ: ಸೈಕಲ್ ಮತ್ತು ದೇಹದ ಸಿದ್ಧತೆ

ಅವಿಭಜಿತ ವಿಜಾಪುರ ಜಿಲ್ಲೆಯನ್ನು ಕರ್ನಾಟಕದ ಸೈಕ್ಲಿಂಗ್ ಕ್ರೀಡೆಯ ತವರು ಎಂದೇ ಗುರುತಿಸಲಾಗುತ್ತದೆ. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದ ನಂತರವೂ ಈ ಹೆಸರು ಉಳಿದುಕೊಂಡಿದೆ. ವಿಜಯಪುರ ಮತ್ತು ಬಾಗಲಕೋಟೆಗಳ ಕ್ರೀಡಾ ವಸತಿ ನಿಲಯಗಳಲ್ಲಿ ಪಳಗಿದ ಅನೇಕ ಸವಾರರು ರಾಷ್ಟ್ರಮಟ್ಟದಲ್ಲಿ ಪದಕ ಗಳಿಸಿದ್ದಾರೆ. ಅವರಲ್ಲಿ ಹೆಚ್ಚಿನವರು ಹಳ್ಳಿಯ ರೈತ, ಕೂಲಿಕಾರ ಮತ್ತು ನೇಕಾರ ಕುಟುಂಬಗಳಿಂದ ಬಂದವರು.

ಆದರೆ ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಈ ನಾಡು ಬಹುಮಟ್ಟಿಗೆ ಬಯಲು. ರಬಕವಿ-ಬನಹಟ್ಟಿ ತಾಲ್ಲೂಕಿನ ಚಿಮ್ಮಡದಂಥ ಊರಿನ ಸವಾರ ಕಬ್ಬಿನ ಗದ್ದೆಗಳ ನಡುವೆ ದಿನಕ್ಕೆ 60 ಕಿ.ಮೀ. ತುಳಿದರೂ, ಅರ್ಧ ತಾಸು ಎಡೆಬಿಡದೆ ಏರುವ ರಸ್ತೆ ಅವನಿಗೆ ಸಿಗುವುದಿಲ್ಲ. ಇಂಥ ಸವಾರ ನಂದಿಬೆಟ್ಟದ ಏರು ಸ್ಪರ್ಧೆಗೆ ಹೆಸರು ಕೊಟ್ಟಾಗ ಎರಡು ತಪ್ಪು ದಾರಿಗಳು ಎದುರಾಗುತ್ತವೆ. ಒಂದು, ಸಾಲ ಮಾಡಿಯಾದರೂ ಹಗುರವಾದ ಸೈಕಲ್ ಕೊಳ್ಳುವುದು. ಇನ್ನೊಂದು, ಊಟ ಬಿಟ್ಟು ದೇಹವನ್ನು ಹಗುರ ಮಾಡಿಕೊಳ್ಳುವುದು. ಮೊದಲನೆಯದು ಮನೆಯ ಹಣವನ್ನೂ, ಎರಡನೆಯದು ಸವಾರನ ಆರೋಗ್ಯವನ್ನೂ ಕಳೆಯುತ್ತದೆ. ಸರಿಯಾದ ಗೇರ್, ಕ್ರಮಬದ್ಧ ಅಭ್ಯಾಸ, ಸಾಕಷ್ಟು ಆಹಾರ ಮತ್ತು ಅಳೆದು ಇಟ್ಟ ಆರಂಭ ಇವುಗಳಿಂದ ಸಿಗುವ ಲಾಭ ಇವೆರಡಕ್ಕಿಂತ ದೊಡ್ಡದು ಹಾಗೂ ಅಗ್ಗದ್ದು.

ಗಾಳಿಯ ಬದಲು ಗುರುತ್ವ

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಬುಡದಿಂದ ತುದಿಗೆ ಸುಮಾರು ಏಳೂವರೆ ಕಿ.ಮೀ. ದಾರಿ; ಅಷ್ಟರಲ್ಲಿ ಸುಮಾರು 430 ಮೀಟರ್ ಎತ್ತರ ಏರಬೇಕು. ಸರಾಸರಿ ಏರಿಕೆ ಶೇ 6ಕ್ಕೆ ಸಮೀಪ. ಆದರೆ ಏರು ಎಲ್ಲೆಡೆ ಒಂದೇ ಸಮನಾಗಿಲ್ಲ. ಅರ್ಧ ದಾರಿಯ ನಂತರ ಹೆಚ್ಚು ಕಡಿದಾಗುತ್ತದೆ.

60 ಕೆ.ಜಿ. ತೂಕದ ಸವಾರ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 35 ಕಿ.ಮೀ. ವೇಗದಲ್ಲಿ ಒಬ್ಬನೇ ಸಾಗುವಾಗ ಅವನ ಶಕ್ತಿಯಲ್ಲಿ ಸುಮಾರು ಶೇ 80ರಷ್ಟು ಗಾಳಿಯನ್ನು ಸೀಳುವುದಕ್ಕೇ ವ್ಯಯವಾಗುತ್ತದೆ. ಅದೇ ಸವಾರ ನಂದಿಯನ್ನು 30 ನಿಮಿಷದಲ್ಲಿ ಏರಬೇಕಾದರೆ ಸರಾಸರಿ 200 ವ್ಯಾಟ್‌ಗಿಂತ ಸ್ವಲ್ಪ ಹೆಚ್ಚು ಶಕ್ತಿ ಬೇಕು. ಅದರಲ್ಲಿ ಶೇ 80ಕ್ಕೂ ಹೆಚ್ಚು ಪಾಲು ದೇಹ ಹಾಗೂ ಸೈಕಲ್‌ನ ಭಾರವನ್ನು ಮೇಲೆತ್ತುವುದಕ್ಕೆ ಹೋಗುತ್ತದೆ. ಬಯಲಿನಲ್ಲಿ ಮುಂದಿನ ಸವಾರನ ಬೆನ್ನ ಹಿಂದೆ ಅಡಗಿ ಶಕ್ತಿ ಉಳಿಸುವ ಜಾಣ್ಮೆಗೆ ಬೆಟ್ಟದಲ್ಲಿ ಬೆಲೆ ಕಡಿಮೆ. ಅಲ್ಲಿ ಪ್ರತಿಯೊಬ್ಬನೂ ತನ್ನ ಭಾರವನ್ನು ತಾನೇ ಹೊರಬೇಕು.

ಹಾಗಾದರೆ ಹಗುರ ಸೈಕಲ್‌ನಿಂದ ಸಿಗುವ ಲಾಭವೆಷ್ಟು? ಮೇಲಿನ ಲೆಕ್ಕದಲ್ಲಿ ಒಂದು ಕೆ.ಜಿ. ತೂಕ ಇಳಿದರೆ 30 ನಿಮಿಷದ ಏರಿನಲ್ಲಿ 20ರಿಂದ 25 ಸೆಕೆಂಡ್ ಉಳಿಯುತ್ತದೆ. ತುರುಸಿನ ಸ್ಪರ್ಧೆಯಲ್ಲಿ ಇದು ಸಣ್ಣ ಅಂತರವಲ್ಲ. ಆದರೆ ಒಂದು ಲೀಟರ್ ನೀರಿನ ತೂಕವೂ ಒಂದು ಕೆ.ಜಿ. ಅರ್ಧ ತಾಸಿನ ಸ್ಪರ್ಧೆಗೆ ಎರಡು ತುಂಬಿದ ಬಾಟಲಿ, ಪಂಪು, ಸೀಟಿನ ಕೆಳಗಿನ ಚೀಲ, ಬೀಗ, ದೀಪ ಇವೆಲ್ಲವನ್ನೂ ಹೊತ್ತು ಹೋಗುವ ಸವಾರ ಅವುಗಳನ್ನು ಕೆಳಗೇ ಬಿಟ್ಟರೆ ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟೇ ಲಾಭ ಪಡೆಯುತ್ತಾನೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಸ್ಪರ್ಧಾ ಸೈಕಲ್ 6.8 ಕೆ.ಜಿ.ಗಿಂತ ಹಗುರವಾಗಿರಬಾರದು ಎಂಬ ನಿಯಮವನ್ನು 2000ದಲ್ಲಿ ಜಾರಿಗೆ ತಂದಿದೆ ಎಂಬುದನ್ನೂ ಗಮನಿಸಬೇಕು.

ಮೊದಲು ಗೇರ್ ಬದಲಿಸಿ

ಬಯಲಿನ ಸ್ಪರ್ಧೆಗೆ ಜೋಡಿಸಿದ ಹಳೆಯ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 53 ಮತ್ತು 39 ಹಲ್ಲುಗಳ ಚಕ್ರಗಳೂ, ಹಿಂದೆ 11ರಿಂದ 25 ಹಲ್ಲುಗಳ ಜೋಡಣೆಯೂ ಇರುತ್ತವೆ. ಇದರ ಅತಿ ಹಗುರ ಗೇರ್‌ನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 3.3 ಮೀಟರ್ ಮುಂದೆ ಹೋಗುತ್ತದೆ. ಕಡಿದಾದ ಏರಿನಲ್ಲಿ ವೇಗ ಗಂಟೆಗೆ 10 ಕಿ.ಮೀ.ಗೆ ಇಳಿದಾಗ ಸವಾರ ನಿಮಿಷಕ್ಕೆ 51 ಸುತ್ತು ಮಾತ್ರ ತುಳಿಯಬಲ್ಲ. ಪ್ರತಿ ತುಳಿತವೂ ಮೊಣಕಾಲಿನ ಮೇಲೆ ಮೆಟ್ಟಿಲೇರಿದಷ್ಟು ಭಾರ ಹಾಕುತ್ತದೆ.

ಮುಂದೆ 34, ಹಿಂದೆ 28 ಹಲ್ಲು ಇದ್ದರೆ ಅದೇ ವೇಗಕ್ಕೆ ನಿಮಿಷಕ್ಕೆ 65 ಸುತ್ತು ಸಾಧ್ಯ. ಹಿಂದೆ 32 ಹಲ್ಲು ಹಾಕಿದರೆ ಇದು 75ಕ್ಕೆ ಏರುತ್ತದೆ. ಏರಿನಲ್ಲಿ ನಿಮಿಷಕ್ಕೆ 70ರಿಂದ 85 ಸುತ್ತು ಹೆಚ್ಚಿನ ಸವಾರರಿಗೆ ಹೊಂದುತ್ತದೆ. ಹಿಂದಿನ ಹಲ್ಲುಚಕ್ರಗಳ ಜೋಡಣೆ ಮತ್ತು ಹೊಸ ಚೈನ್‌ಗೆ ತಗಲುವ ವೆಚ್ಚ ಹೊಸ ಸೈಕಲ್‌ನ ಬೆಲೆಯ ಒಂದು ಸಣ್ಣ ಪಾಲು ಮಾತ್ರ. ಆದರೆ ಹಿಂದಿನ ಗೇರ್ ಬದಲಿಸುವ ತೋಳು 32 ಹಲ್ಲಿನ ಚಕ್ರವನ್ನು ತಾಳುತ್ತದೆಯೇ ಎಂದು ಮೊದಲೇ ಮೆಕ್ಯಾನಿಕ್ ಬಳಿ ಖಚಿತಪಡಿಸಿಕೊಳ್ಳಬೇಕು. ತೋಳು ಗಿಡ್ಡದಿದ್ದರೆ ಅದನ್ನೂ ಬದಲಿಸಬೇಕಾಗುತ್ತದೆ. ಚೈನ್‌ನ ಉದ್ದವನ್ನು ಮತ್ತೆ ಅಳೆಯುವುದು ಕಡ್ಡಾಯ. ಗಿಡ್ಡ ಚೈನ್ ದೊಡ್ಡ ಚಕ್ರಕ್ಕೆ ಏರಿದಾಗ ತೋಳೇ ಮುರಿಯಬಹುದು. ಈ ಬದಲಾವಣೆಗಳನ್ನು ಸ್ಪರ್ಧೆಗೆ ಮೂರು ವಾರ ಮೊದಲೇ ಮುಗಿಸಿ, ಅದೇ ಗೇರ್‌ನಲ್ಲಿ ಅಭ್ಯಾಸ ಮಾಡಬೇಕು.

ಟೈರುಗಳ ವಿಷಯದಲ್ಲಿ ಎರಡು ಜೊತೆ ಇಟ್ಟುಕೊಳ್ಳುವುದು ಒಳಿತು. ಹೊಲದ ಬದಿಯ ರಸ್ತೆಗಳಲ್ಲಿ ಜಾಲಿ ಮುಳ್ಳಿನ ಕಾಟವಿರುವುದರಿಂದ ಅಭ್ಯಾಸಕ್ಕೆ ದಪ್ಪ ಟೈರೇ ಇರಲಿ. ಸ್ಪರ್ಧೆಗೆ ಹಗುರ ಟೈರು ಮತ್ತು ಹೊಸ ಟ್ಯೂಬು ಸಾಕು. 60 ಕೆ.ಜಿ. ತೂಕದ ಸವಾರನಿಗೆ 25 ಮಿ.ಮೀ. ಟೈರಿನಲ್ಲಿ 80ರಿಂದ 90 ಪೌಂಡ್ ಗಾಳಿ ಹೊಂದುತ್ತದೆ. ಕಲ್ಲಿನಂತೆ ಗಟ್ಟಿಯಾಗಿ ಗಾಳಿ ತುಂಬಿದರೆ ಒರಟು ರಸ್ತೆಯಲ್ಲಿ ಚಕ್ರ ಪುಟಿದು ಶಕ್ತಿ ಪೋಲಾಗುತ್ತದೆ. ಚೈನ್ ತೊಳೆದು, ಒಣಗಿಸಿ, ಹದವಾಗಿ ಎಣ್ಣೆ ಬಿಡುವುದು ಎಲ್ಲಕ್ಕಿಂತ ಅಗ್ಗದ ಸುಧಾರಣೆ.

ಬೆಟ್ಟವಿಲ್ಲದೆ ಬೆಟ್ಟದ ಅಭ್ಯಾಸ

ಅರ್ಧ ತಾಸಿನ ಏರಿಗೆ ಬೇಕಾದದ್ದು ಕ್ಷಣಿಕ ವೇಗವಲ್ಲ. ಉಸಿರು ಕಟ್ಟದ ಗಡಿಯಲ್ಲಿ ದೀರ್ಘಕಾಲ ನಿಲ್ಲುವ ಸಾಮರ್ಥ್ಯ. ಇದನ್ನು ಎಂಟರಿಂದ ಹತ್ತು ವಾರಗಳಲ್ಲಿ ಬಯಲಿನಲ್ಲೇ ಬೆಳೆಸಿಕೊಳ್ಳಬಹುದು.

ವಾರಕ್ಕೆ ಎರಡು ದಿನ ಮಾತ್ರ ಕಠಿಣ ಅಭ್ಯಾಸ ಇರಬೇಕು. ಮೊದಲ ದಿನ 10 ನಿಮಿಷದ ಮೂರು ಸುತ್ತುಗಳಿಂದ ಆರಂಭಿಸಿ, ವಾರಗಳು ಕಳೆದಂತೆ 20 ನಿಮಿಷದ ಎರಡು ಸುತ್ತುಗಳಿಗೆ ಏರಿಸಬೇಕು. ಇದರ ತೀವ್ರತೆಯನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಒಂದೇ ಉಸಿರಿಗೆ ಮೂರು-ನಾಲ್ಕು ಪದ ಆಡಲು ಸಾಧ್ಯವಾಗಬೇಕು, ಪೂರ್ತಿ ವಾಕ್ಯ ಆಗಬಾರದು. ಎರಡನೆಯ ದಿನ ದೊಡ್ಡ ಗೇರ್‌ನಲ್ಲಿ, ನಿಮಿಷಕ್ಕೆ 55ರಿಂದ 60 ಸುತ್ತಿನಂತೆ, ಐದೈದು ನಿಮಿಷ ನಾಲ್ಕು ಬಾರಿ ಕುಳಿತೇ ತುಳಿಯಬೇಕು. ಮೊಣಕಾಲು ನೋವು ಇರುವವರು ಇದನ್ನು ಬಿಡಬೇಕು. ಉಳಿದ ದಿನಗಳಲ್ಲಿ ಸರಾಗವಾಗಿ ಮಾತನಾಡುತ್ತ ಸಾಗುವಷ್ಟು ಹಗುರ ಸವಾರಿ, ಒಂದು ದಿನ ಪೂರ್ಣ ವಿಶ್ರಾಂತಿ.

ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿಯೇ ಈ ಭಾಗದ ಬೆಟ್ಟ. ಗಾಳಿಗೆ ಎದುರಾಗಿ, ಕೈಗಳನ್ನು ಹ್ಯಾಂಡಲ್‌ನ ಮೇಲ್ಭಾಗದಲ್ಲಿಟ್ಟು, ಎದೆ ತೆರೆದು ನೆಟ್ಟಗೆ ಕುಳಿತು ತುಳಿದರೆ ಏರಿನ ಭಂಗಿಯೂ ರೂಢಿಯಾಗುತ್ತದೆ. ಜಮಖಂಡಿಯ ರಾಮತೀರ್ಥದ ಗುಡ್ಡದಂಥ ಸಣ್ಣ ಏರುಗಳು ಎದ್ದು ನಿಂತು ತುಳಿಯುವ ಅಭ್ಯಾಸಕ್ಕೆ, ಗೇರ್ ಬದಲಿಸುವ ಸಮಯಜ್ಞಾನಕ್ಕೆ ಸಾಕು. ಸ್ಪರ್ಧೆಗೆ ಮೊದಲು ಒಮ್ಮೆಯಾದರೂ ಉದ್ದನೆಯ ನಿಜವಾದ ಏರನ್ನು ಹತ್ತಿ ನೋಡುವುದು ಅಪೇಕ್ಷಣೀಯ.

ಅಕ್ಟೋಬರ್-ನವೆಂಬರ್‌ನಲ್ಲಿ ಕಬ್ಬು ನುರಿಸುವ ಹಂಗಾಮು ಆರಂಭವಾದ ಮೇಲೆ ಬೆಳಗಿನ ಜಾವದ ಸವಾರಿ ಅಪಾಯಕಾರಿ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಹಿಂಬದಿಯ ದೀಪವಿಲ್ಲದೆ ನಿಂತಿರುವುದುಂಟು. ಬೆಳಕು ಹರಿದ ನಂತರವೇ ಹೊರಡುವುದು, ಇಲ್ಲವೇ ಮನೆಯಲ್ಲಿ ಟ್ರೇನರ್ ಮೇಲೆ ಮುಂಗಾಲಿಯ ಕೆಳಗೆ ಇಟ್ಟಿಗೆ ಇಟ್ಟು ತುಳಿಯುವುದು ಕ್ಷೇಮ.

ತೂಕ ಇಳಿಸುವ ಆತುರ

ಬೆಟ್ಟದ ಸ್ಪರ್ಧೆಯ ಅತಿ ದೊಡ್ಡ ಅಪಾಯ ರಸ್ತೆಯಲ್ಲಿಲ್ಲ, ತಟ್ಟೆಯಲ್ಲಿದೆ. ತೂಕ ಇಳಿದರೆ ವೇಗ ಏರುತ್ತದೆ ಎಂಬ ಲೆಕ್ಕ ಸರಿಯಾದರೂ, ಇಳಿದದ್ದು ಸ್ನಾಯುವಾದರೆ ಶಕ್ತಿಯೂ ಇಳಿಯುತ್ತದೆ. ಹೆಚ್ಚುವರಿ ಕೊಬ್ಬಿರುವ ವಯಸ್ಕ ಸವಾರ ವಾರಕ್ಕೆ ಅರ್ಧ ಕೆ.ಜಿ.ಗಿಂತ ಹೆಚ್ಚು ಇಳಿಸಬಾರದು. ಸ್ಪರ್ಧೆಗೆ ಎರಡು ವಾರ ಇರುವಾಗ ಆ ಪ್ರಯತ್ನವನ್ನೇ ನಿಲ್ಲಿಸಬೇಕು. ಬೆಳೆಯುವ ವಯಸ್ಸಿನ ಹುಡುಗ ಹುಡುಗಿಯರು ತೂಕ ಇಳಿಸುವ ಗೊಡವೆಗೇ ಹೋಗಬಾರದು.

ಖರ್ಚಿಗೆ ತಕ್ಕಷ್ಟು ಆಹಾರ ಸಿಗದ ಕ್ರೀಡಾಪಟುವಿನ ದೇಹ ಮೂಳೆ, ರಕ್ತ, ಹಾರ್ಮೋನುಗಳ ಕೆಲಸವನ್ನು ಮೊಟಕುಗೊಳಿಸುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರು ಕೊಟ್ಟು ತರಬೇತುದಾರರನ್ನು ಎಚ್ಚರಿಸಿತು. ಹುಡುಗಿಯರಲ್ಲಿ ಮುಟ್ಟು ನಿಲ್ಲುವುದು ‘ಚೆನ್ನಾಗಿ ಅಭ್ಯಾಸವಾಗಿದೆ’ ಎಂಬುದರ ಗುರುತಲ್ಲ, ವೈದ್ಯರನ್ನು ಕಾಣಬೇಕಾದ ಸೂಚನೆ. ಪದೇ ಪದೇ ಜ್ವರ, ಆರದ ದಣಿವು, ಹಗುರ ಸವಾರಿಯಲ್ಲೂ ಏದುಸಿರು ಕಂಡರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಬೇಕು. ರಕ್ತಹೀನತೆಯಿರುವ ಸವಾರ ಎಷ್ಟೇ ಹಗುರವಾದರೂ ಬೆಟ್ಟ ಏರಲಾರ. ಅಂಗಡಿಯಲ್ಲಿ ಸಿಗುವ ಶಕ್ತಿವರ್ಧಕ ಪುಡಿಗಳಲ್ಲಿ, ಕೆಲವು ನೆಗಡಿ ಮಾತ್ರೆಗಳಲ್ಲಿ ನಿಷೇಧಿತ ಪದಾರ್ಥ ಇರಬಹುದು. ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹೊಣೆ ಸವಾರನದೇ.

ಊರಿನ ಊಟವೇ ಈ ಅಭ್ಯಾಸಕ್ಕೆ ಸಾಕು. ಜೋಳದ ರೊಟ್ಟಿ, ಬೇಳೆ, ಕಾಳುಪಲ್ಯ, ಶೇಂಗಾ, ಹಾಲು, ಮೊಸರು, ಒಗ್ಗುವವರಿಗೆ ಮೊಟ್ಟೆ ದಿನನಿತ್ಯ ಇರಲಿ. ಸ್ಪರ್ಧೆಯ ಹಿಂದಿನ ರಾತ್ರಿ ಮಾತ್ರ ನಾರು ಮತ್ತು ಖಾರ ಕಡಿಮೆ ಮಾಡಿ ಅನ್ನ, ತಿಳಿ ಸಾರು, ಮೊಸರು ತೆಗೆದುಕೊಳ್ಳುವುದು ಹೊಟ್ಟೆಗೆ ಹಿತ. ಆರಂಭಕ್ಕೆ ಎರಡೂವರೆಯಿಂದ ಮೂರು ತಾಸು ಮೊದಲು ಉಪ್ಪಿಟ್ಟು ಅಥವಾ ಅವಲಕ್ಕಿ, ಬಾಳೆಹಣ್ಣು, ಬೆಲ್ಲದಂಥ ಅಭ್ಯಾಸದ ತಿಂಡಿ ಮುಗಿಸಬೇಕು. ತೂಕ ಕಡಿಮೆಯಾಗಲೆಂದು ನೀರು ಬಿಡುವುದು ಸಲ್ಲದು. ಅರ್ಧ ತಾಸಿನ ಏರಿನ ನಡುವೆ ತಿನ್ನುವ ಅಗತ್ಯವಿಲ್ಲ. 36 ತಿರುವುಗಳ ಕಲ್ಹಟ್ಟಿ ಘಾಟಿಯಲ್ಲಿ ಊಟಿಗೆ ಏರುವಂಥ ದೀರ್ಘ ಸವಾರಿಗಳಲ್ಲಿ ಮಾತ್ರ ಪ್ರತಿ ತಾಸಿಗೂ ಸಕ್ಕರೆ ಅಥವಾ ಬೆಲ್ಲದ ಅಂಶ ಒಳಗೆ ಹೋಗುತ್ತಿರಬೇಕು.

ಪ್ರಯಾಣವೂ ಸಿದ್ಧತೆಯ ಭಾಗ

ರಬಕವಿ-ಬನಹಟ್ಟಿಯಿಂದ ಬೆಂಗಳೂರಿಗೆ 500 ಕಿ.ಮೀ.ಗೂ ಹೆಚ್ಚು ದೂರ. ರಾತ್ರಿ ಬಸ್ಸಿನ ಸಾಮಾನು ಪೆಟ್ಟಿಗೆಯಲ್ಲಿ ಸೈಕಲ್ ಹಾಗೆಯೇ ಮಲಗಿಸಿ ತರುವುದರಿಂದ ಗೇರ್ ತೋಳನ್ನು ಹಿಡಿದಿರುವ ಕೊಂಡಿ ಬಾಗುತ್ತದೆ. ಹೀಗೆ ಬಾಗಿದ್ದು ಬಯಲಿನಲ್ಲಿ ಗೊತ್ತಾಗುವುದಿಲ್ಲ. ಏರಿನಲ್ಲಿ ಅತಿ ದೊಡ್ಡ ಹಲ್ಲುಚಕ್ರಕ್ಕೆ ಬದಲಿಸಿದಾಗ ತೋಳು ಕಡ್ಡಿಗಳೊಳಗೆ ಸಿಕ್ಕಿ ಸ್ಪರ್ಧೆಯೇ ಮುಗಿಯುತ್ತದೆ. ಆದ್ದರಿಂದ ಎರಡೂ ಗಾಲಿ ಬಿಚ್ಚಿ, ಗೇರ್ ತೋಳನ್ನು ಕಳಚಿ ಬಟ್ಟೆಯಲ್ಲಿ ಸುತ್ತಿ ಚೌಕಟ್ಟಿನ ಒಳಬದಿಗೆ ಕಟ್ಟಬೇಕು. ಸೀಟಿನ ಎತ್ತರವನ್ನು ಟೇಪಿನಿಂದ ಗುರುತು ಮಾಡಿಕೊಳ್ಳಬೇಕು.

ಬಸ್ಸಿನಲ್ಲಿ ನಿದ್ದೆಗೆಟ್ಟು ಬೆಳಿಗ್ಗೆ ಇಳಿದು ನೇರವಾಗಿ ಸ್ಪರ್ಧೆಗೆ ನಿಲ್ಲುವುದರಿಂದ ಹತ್ತು ವಾರದ ಶ್ರಮ ನೀರುಪಾಲಾಗುತ್ತದೆ. ಒಂದು ದಿನ ಮೊದಲೇ ತಲುಪಿ, ಸೈಕಲ್ ಜೋಡಿಸಿ, ಎಲ್ಲ ಗೇರ್‌ಗಳನ್ನೂ ಭಾರ ಹಾಕಿ ಪರೀಕ್ಷಿಸಿ, ಒಂದು ತಾಸು ಹಗುರವಾಗಿ ಓಡಾಡಬೇಕು. ಬಯಲಿಗಿಂತ ಇಲ್ಲಿ ಎತ್ತರ ಹೆಚ್ಚಿರುವುದರಿಂದ ಉಸಿರಾಟ ತುಸು ಭಾರವೆನಿಸುವುದು ಸಹಜ.

ಏರುವ ದಿನ, ಇಳಿಯುವ ದಾರಿ

ಆರಂಭಕ್ಕೆ ಮೊದಲು 20ರಿಂದ 30 ನಿಮಿಷ ದೇಹ ಬಿಸಿ ಮಾಡಿಕೊಳ್ಳಬೇಕು. ಮೊದಲ ಎರಡು ಕಿ.ಮೀ.ನಲ್ಲಿ ಬಯಲಿನ ಸವಾರನಿಗೆ ಕಾಲು ಹಗುರವೆನಿಸುತ್ತದೆ; ಗುಂಪಿನೊಂದಿಗೆ ನುಗ್ಗುವ ಆಸೆಯಾಗುತ್ತದೆ. ಉಸಿರಿನ ಗಡಿ ಅಲ್ಲೇ ಮೀರಿದರೆ ಕಡಿದಾದ ಎರಡನೆಯ ಅರ್ಧದಲ್ಲಿ ಚೇತರಿಸಿಕೊಳ್ಳಲು ಸಮತಟ್ಟಾದ ಜಾಗ ಸಿಗದು. ಮೊದಲು ತಡೆದು, ನಡುವೆ ಸಮನಾಗಿ, ಕೊನೆಯ ಒಂದು ಕಿ.ಮೀ.ನಲ್ಲಿ ಉಳಿದದ್ದನ್ನೆಲ್ಲ ಸುರಿಯುವುದು ನಿಯಮ. ಏರು ಕಡಿದಾಗುವ ಮೊದಲೇ, ತುಳಿತ ಇನ್ನೂ ಹಗುರವಿರುವಾಗಲೇ ಗೇರ್ ಇಳಿಸಬೇಕು. ತಿರುವಿನ ಒಳಅಂಚು ಕಡಿದು, ಹೊರಅಂಚು ಸಪಾಟು. ಆದರೆ ವಾಹನ ಸಂಚಾರ ನಿಲ್ಲಿಸದ ರಸ್ತೆಯಲ್ಲಿ ಎಡಬದಿ ಬಿಟ್ಟು ಕದಲಬಾರದು.

ಲಂಡನ್ನಿನ ಕ್ಯಾಟ್‌ಫರ್ಡ್ ಕ್ಲಬ್ 1887ರಿಂದ ಬೆಟ್ಟದ ಸ್ಪರ್ಧೆ ನಡೆಸುತ್ತ ಬಂದಿದೆ. ಅಲ್ಲಿನ ಸವಾರರು ತೂಕ ಇಳಿಸಲು ಹ್ಯಾಂಡಲ್ ಕತ್ತರಿಸುವುದೂ ಉಂಟು. ಅದನ್ನು ಇಲ್ಲಿ ಅನುಕರಿಸಬಾರದು. ನಂದಿಯಲ್ಲಿ ಗೆದ್ದವನೂ ಸೋತವನೂ ಅದೇ ಕಿರಿದಾದ ರಸ್ತೆಯಲ್ಲಿ, ಪ್ರವಾಸಿಗರ ವಾಹನಗಳ ಮತ್ತು ಕೋತಿಗಳ ನಡುವೆ, ನಡುಗುವ ಕಾಲಿನಿಂದಲೇ ಕೆಳಗಿಳಿಯಬೇಕು. ತೇಯದ ಬ್ರೇಕ್ ಶೂ, ಬಿಗಿಯಾದ ತಂತಿ, ತಲೆಯ ಮೇಲೆ ಹೆಲ್ಮೆಟ್ ಇರಲೇಬೇಕು. ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬು ಒಡೆಯಬಹುದು. ತಿರುವಿಗೆ ಮೊದಲು ಬಲವಾಗಿ ಒತ್ತಿ, ವೇಗ ಇಳಿದ ಮೇಲೆ ಬಿಡಬೇಕು. ತುದಿಯಲ್ಲಿ ಹತ್ತು ನಿಮಿಷ ಸುಧಾರಿಸಿಕೊಂಡು, ಬೆವರಿನ ಅಂಗಿಯ ಮೇಲೆ ಒಂದು ಒಣ ಬಟ್ಟೆ ಹಾಕಿಕೊಂಡು ಹೊರಡುವುದು ಉಚಿತ. ಗಡಿಯಾರ ತುದಿಯಲ್ಲೇ ನಿಂತರೂ, ಸವಾರನ ಹೊಣೆ ಬುಡ ಮುಟ್ಟುವವರೆಗೂ ಮುಗಿಯುವುದಿಲ್ಲ.