ಉಣ್ಣದ ಊಟಕ್ಕೆ ಸಂಬಳ ಕಡಿತ: ಅಮೆರಿಕದ ಆಸ್ಪತ್ರೆ ದಾವೆಗಳಲ್ಲಿ ರುಜುವಾತಿನ ಹೊಣೆ

ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ನರ್ಸುಗಳ ಹಗಲು ಪಾಳಿ ಬೆಳಿಗ್ಗೆ 7ಕ್ಕೆ ಶುರುವಾಗಿ ಸಂಜೆ 7.30ಕ್ಕೆ ಮುಗಿಯುತ್ತದೆ. ಹಾಗೆ ಪಾಳಿ ಹನ್ನೆರಡೂವರೆ ಗಂಟೆಯದಾದರೂ ಸಂಬಳದ ಲೆಕ್ಕಕ್ಕೆ ಬರುವುದು ಹನ್ನೆರಡು. ಉಳಿದ ಅರ್ಧ ಗಂಟೆಯನ್ನು ಊಟದ ಬಿಡುವೆಂದು ಹಾಜರಿಯ ಸಾಫ್ಟ್‌ವೇರ್ ತಾನಾಗಿಯೇ ಕಳೆದುಬಿಡುತ್ತದೆ. ನರ್ಸು ನಿಜಕ್ಕೂ ಉಂಡಳೋ, ಮೊದಲ ತುತ್ತಿಗೇ ರೋಗಿಯ ಕರೆಗಂಟೆ ಕೇಳಿ ಎದ್ದು ಓಡಿದಳೋ ಎಂಬುದು ಅದಕ್ಕೆ ತಿಳಿಯದು. ಇಂಥ ಕಡಿತ ಅಲ್ಲಿನ ಒಕ್ಕೂಟ (ಫೆಡರಲ್) ಕಾನೂನಿನಲ್ಲಿ ತನ್ನಷ್ಟಕ್ಕೆ ಅಕ್ರಮವಲ್ಲ. ಬಿಡುವು ಸಿಕ್ಕಿತೋ ಇಲ್ಲವೋ ಎಂಬುದನ್ನು ರುಜುವಾತು ಮಾಡಬೇಕಾದವರು ಯಾರು ಎಂಬಲ್ಲಿ ತಕರಾರು ಹುಟ್ಟುತ್ತದೆ.

ಒಕ್ಕೂಟದ 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆ ಊಟದ ಬಿಡುವು ಕೊಡಲೇಬೇಕೆಂದು ಎಲ್ಲೂ ಹೇಳುವುದಿಲ್ಲ. ಕೊಟ್ಟರೆ ಆ ಹೊತ್ತಿಗೆ ಸಂಬಳ ಕೊಡಬೇಕಾಗಿಲ್ಲ. ಆದರೆ ಕಾರ್ಮಿಕ ಇಲಾಖೆಯ ನಿಯಮದ ಪ್ರಕಾರ ಬಿಡುವು ಸಾಮಾನ್ಯವಾಗಿ 30 ನಿಮಿಷವಾದರೂ ಇರಬೇಕು, ನೌಕರ ಕೆಲಸದಿಂದ ಪೂರ್ತಿ ಬಿಡುಗಡೆ ಹೊಂದಿರಬೇಕು. ಮೇಜಿನ ಮುಂದೆಯೇ ಕೂತು ಉಣ್ಣಬೇಕಾದ ಗುಮಾಸ್ತ, ಯಂತ್ರದ ಬಳಿಯೇ ಇರಬೇಕಾದ ಕಾರ್ಮಿಕ ಉಣ್ಣುತ್ತಲೇ ಕೆಲಸ ಮಾಡುತ್ತಿದ್ದಾರೆಂದು ನಿಯಮವೇ ಉದಾಹರಣೆ ಕೊಡುತ್ತದೆ. ಹಲವು ಮೇಲ್ಮನವಿ ನ್ಯಾಯಾಲಯಗಳು ಇದನ್ನು ಸಡಿಲಿಸಿ, ಆ ಹೊತ್ತು ಮುಖ್ಯವಾಗಿ ಯಾರ ಅನುಕೂಲಕ್ಕೆ ಸಂದಿತು ಎಂದಷ್ಟೇ ಕೇಳುತ್ತಿವೆ.

ದಾಖಲೆಯ ವಿಷಯದಲ್ಲಿ ಕಾಯ್ದೆ ಸ್ಪಷ್ಟವಾಗಿದೆ. ಗಂಟೆಗಳ ಲೆಕ್ಕ ಇಡಬೇಕಾದವನು ಮಾಲೀಕ. ಮಿಷಿಗನ್ನಿನ ಮೌಂಟ್ ಕ್ಲೆಮೆನ್ಸ್ ಎಂಬ ಮಡಕೆ ಕಾರ್ಖಾನೆಯ ಪ್ರಕರಣದಲ್ಲಿ (1946) ಸುಪ್ರೀಂ ಕೋರ್ಟು ಇದನ್ನು ಇನ್ನೂ ಬಿಗಿಗೊಳಿಸಿತು. ಮಾಲೀಕನ ದಾಖಲೆ ನಂಬಲು ತಕ್ಕದ್ದಲ್ಲವಾದರೆ, ನೌಕರ ನ್ಯಾಯವಾದ ಅಂದಾಜಿಗೆ ಆಧಾರ ತೋರಿಸಿದರೆ ಸಾಕು. ಅದನ್ನು ಅಲ್ಲಗಳೆಯುವ ಭಾರ ಮಾಲೀಕನದು. ಸ್ವಯಂಚಾಲಿತ ಕಡಿತದ ಜಾಣತನ ಇಲ್ಲೇ ಇದೆ. ಅದು ಖಾಲಿ ಜಾಗವನ್ನು ಬಿಡುವುದಿಲ್ಲ, ನಡೆದಿರಲಿ ಬಿಡಲಿ ಬಿಡುವನ್ನು ದಾಖಲಿಸುತ್ತದೆ. ನೋಡಲು ದಾಖಲೆ ಅಚ್ಚುಕಟ್ಟಾಗಿರುತ್ತದೆ.

2012ರಲ್ಲಿ ಆರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿದ ವೈಟ್ ವಿರುದ್ಧ ಬ್ಯಾಪ್ಟಿಸ್ಟ್ ಮೆಮೋರಿಯಲ್ ಪ್ರಕರಣ ಇದರ ಫಲವನ್ನು ತೋರಿಸುತ್ತದೆ. ತುರ್ತು ಚಿಕಿತ್ಸಾ ವಿಭಾಗದ ನರ್ಸೊಬ್ಬರು ಹೂಡಿದ ದಾವೆ ಅದು. ಊಟ ತಪ್ಪಿದಾಗ ಬರೆಯಲು ಆಸ್ಪತ್ರೆಯಲ್ಲಿ ಒಂದು ಪುಸ್ತಕವಿತ್ತು. ಅದರಲ್ಲಿ ಬರೆದಾಗ ಆಕೆಗೆ ಹಣ ಸಿಕ್ಕಿತ್ತು, ಆಮೇಲೆ ಬರೆಯುವುದನ್ನು ನಿಲ್ಲಿಸಿದ್ದರು. ಬಿಡುವು ಸಿಗುತ್ತಿಲ್ಲವೆಂದು ಮೇಲಿನವರಿಗೆ ಹೇಳಿದ್ದರು. ಅದಕ್ಕೆ ಹಣ ಬರುತ್ತಿಲ್ಲವೆಂದು ಹೇಳಿರಲಿಲ್ಲ. ಸಮಂಜಸವಾದ ವ್ಯವಸ್ಥೆ ಇದ್ದೂ ನೌಕರ ಅದನ್ನು ಬಳಸದಿದ್ದರೆ ಮಾಲೀಕ ಹೊಣೆಯಲ್ಲ ಎಂದು ಬಹುಮತದ ತೀರ್ಪು ಬಂತು. ಬೇಡದ ಕೆಲಸ ನಡೆಯದಂತೆ ನೋಡಿಕೊಳ್ಳುವುದು ಆಡಳಿತದ ಕರ್ತವ್ಯವೆಂಬ ಒಕ್ಕೂಟ ನಿಯಮದ ಪಕ್ಕದಲ್ಲಿಟ್ಟು ನೋಡಿದರೆ ಈ ತೀರ್ಪು ನನಗೆ ಒಪ್ಪಿಗೆಯಾಗುವುದಿಲ್ಲ. ಊಟವಿಲ್ಲದೆ ದುಡಿಯುತ್ತಿದ್ದಾರೆಂದು ತಿಳಿದ ಮೇಲ್ವಿಚಾರಕನಿಗೆ ಕಡಿತ ತಾನಾಗಿಯೇ ನಡೆಯುತ್ತದೆಂಬುದೂ ತಿಳಿದೇ ಇರುತ್ತದೆ.

ಇನ್ನೊಂದು ತೊಡಕು ಅಂಕಗಣಿತದ್ದು. ವಾರಕ್ಕೆ ಇಂಥ ಮೂರು ಪಾಳಿ ಮಾಡುವ ನರ್ಸಿಗೆ 36 ಗಂಟೆಯ ಸಂಬಳ ಬರುತ್ತದೆ. ಒಂದು ದಿನವೂ ಬಿಡುವು ಸಿಗದಿದ್ದರೆ ದುಡಿಮೆ 37.5 ಗಂಟೆ, ಅಂದರೆ 40ರೊಳಗೇ. ಒಕ್ಕೂಟ ಕಾಯ್ದೆ ಕಾಪಾಡುವುದು ಕನಿಷ್ಠ ವೇತನವನ್ನೂ ಓವರ್‌ಟೈಮನ್ನೂ ಮಾತ್ರ. ಒಟ್ಟು ಸಂಬಳವನ್ನು ಎಲ್ಲ ಗಂಟೆಗಳಿಗೆ ಹಂಚಿದಾಗ ಗಂಟೆಗೆ ಕನಿಷ್ಠ ವೇತನವಾದ 7.25 ಡಾಲರಿಗಿಂತ ಹೆಚ್ಚು ಬಿದ್ದರೆ ಆ ಒಂದೂವರೆ ಗಂಟೆಗೆ ಒಕ್ಕೂಟ ಕಾಯ್ದೆಯಲ್ಲಿ ಪರಿಹಾರವಿಲ್ಲ. ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಆಸ್ಪತ್ರೆಗಳ ವಿರುದ್ಧದ ಲಂಡಿ ಪ್ರಕರಣದಲ್ಲಿ (2013) ಎರಡನೇ ಸರ್ಕಿಟ್ ಹೇಳಿದ್ದು ಇದನ್ನೇ. ಯಾವ ವಾರ 40 ಗಂಟೆ ದಾಟಿತೆಂದು ದಾವೆಯಲ್ಲೇ ನಿರ್ದಿಷ್ಟವಾಗಿ ಹೇಳದಿದ್ದರೆ ಓವರ್‌ಟೈಮ್ ವಾದವೂ ಬೀಳುತ್ತದೆ. (ಕೆಲವು ಆಸ್ಪತ್ರೆಗಳು ದಿನಕ್ಕೆ 8 ಇಲ್ಲವೆ 14 ದಿನಕ್ಕೆ 80 ಗಂಟೆ ಮೀರಿದರೆ ಓವರ್‌ಟೈಮ್ ಕೊಡುವ ಪದ್ಧತಿಯನ್ನು ಆರಿಸಿಕೊಂಡಿರುತ್ತವೆ. ಅಲ್ಲಿ ಕಥೆ ಬೇರೆ.)

ಆದ್ದರಿಂದ ಗಟ್ಟಿ ನೆರವು ಸಿಗುವುದು ರಾಜ್ಯಗಳ ಕಾನೂನಿನಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 5 ಗಂಟೆ ಮೀರಿದ ದುಡಿಮೆಗೆ 30 ನಿಮಿಷದ ಊಟದ ಬಿಡುವು ಹಕ್ಕು. ಕೊಡದಿದ್ದರೆ ಆ ದಿನಕ್ಕೆ ಒಂದು ಗಂಟೆಯ ಸಂಬಳ ಹೆಚ್ಚುವರಿ. ನರ್ಸುಗಳನ್ನು ನೇಮಿಸಿಕೊಡುವ ಸಂಸ್ಥೆಯೊಂದರ ವಿರುದ್ಧದ ಡೊನೊಹ್ಯೂ ಪ್ರಕರಣದಲ್ಲಿ (2021) ಆ ರಾಜ್ಯದ ಸುಪ್ರೀಂ ಕೋರ್ಟು, ಊಟದ ಹೊತ್ತಿನ ನಿಮಿಷಗಳನ್ನು ಹತ್ತರ ಲೆಕ್ಕಕ್ಕೆ ಹೊಂದಿಸುವ ರೂಢಿಯನ್ನು ತಳ್ಳಿಹಾಕಿತು. ಬಿಡುವು ತಪ್ಪಿತೆಂದೋ, ತಡವಾಯಿತೆಂದೋ, ಮೊಟಕಾಯಿತೆಂದೋ ದಾಖಲೆ ತೋರಿಸಿದರೆ ಉಲ್ಲಂಘನೆ ನಡೆದಿದೆಯೆಂದೇ ಮೊದಲ ಎಣಿಕೆ. ಹಾಗಲ್ಲವೆಂದು ತೋರಿಸಬೇಕಾದವನು ಮಾಲೀಕ. ಕಡಿತದ ಗುಂಡಿ ಯಾರ ಕೈಯಲ್ಲಿದೆಯೋ ರುಜುವಾತಿನ ಹೊಣೆಯೂ ಅವರದ್ದೇ ಎಂಬ ಈ ನಿಲುವೇ ಸರಿ. ಒಕ್ಕೂಟದ ನ್ಯಾಯಾಲಯಗಳೂ 1946ರ ತೀರ್ಪಿನ ತರ್ಕಕ್ಕೆ ನಿಷ್ಠವಾಗಿದ್ದರೆ ಇಲ್ಲಿಗೇ ಬಂದು ಮುಟ್ಟಬೇಕಿತ್ತು.

ಒಕ್ಕೂಟ ಕಾಯ್ದೆಯಡಿ ಬಾಕಿ ಕೇಳಲು ಇರುವ ಅವಧಿ ಎರಡು ವರ್ಷ, ಬೇಕೆಂದೇ ಮಾಡಿದ ಉಲ್ಲಂಘನೆಯಾದರೆ ಮೂರು. ದೂರು ಕೊಟ್ಟವರ ಮೇಲೆ ಹಗೆ ಸಾಧಿಸುವುದನ್ನು ಕಾಯ್ದೆ ನಿಷೇಧಿಸುತ್ತದೆ. ಬಾಯಿಮಾತಿನ ದೂರಿಗೂ ಆ ರಕ್ಷಣೆ ಉಂಟೆಂದು 2011ರಲ್ಲಿ ತೀರ್ಮಾನವಾಗಿದೆ. ಅಲ್ಲಿನ ಆಸ್ಪತ್ರೆಗಳಲ್ಲಿ ದುಡಿಯುವ ನಮ್ಮವರು ತಪ್ಪಿದ ಊಟದ ದಿನ, ಹೊತ್ತನ್ನು ತಾವೇ ಬರೆದಿಟ್ಟುಕೊಳ್ಳಲಿ. ಮೇಲಿನವರಿಗೆ ತಿಳಿಸುವಾಗ ಬಿಡುವು ಸಿಗಲಿಲ್ಲ ಎಂಬುದರ ಜೊತೆಗೆ ಅದರ ಸಂಬಳವೂ ಬರಲಿಲ್ಲ ಎಂಬುದನ್ನು ಬರಹದಲ್ಲಿ ಸೇರಿಸಲಿ.