ಸಾಮಾಜಿಕ ಬಂಡವಾಳದ ಅಳತೆಯೂ ದಕ್ಷಿಣ ಇಟಲಿಯ ಇತಿಹಾಸವೂ

ಜನರ ಪರಸ್ಪರ ವಿಶ್ವಾಸ, ಸಂಘಜೀವನ, ಕೂಡಿ ದುಡಿಯುವ ರೂಢಿ ಇವನ್ನು ಒಟ್ಟಾಗಿ 'ಸಾಮಾಜಿಕ ಬಂಡವಾಳ'ವೆಂದು ಕರೆಯುವುದುಂಟು. ಹಣವನ್ನು ಎಣಿಸಬಹುದು; ವಿಶ್ವಾಸವನ್ನು ಎಣಿಸುವ ಬಗೆ ಯಾವುದು? ಈ ಪ್ರಶ್ನೆಯನ್ನು ಕೈಗೊಂಡ ಕೃತಿಗಳಲ್ಲಿ ರಾಬರ್ಟ್ ಪಟ್ನಮ್ ಅವರು ಸಹೋದ್ಯೋಗಿಗಳೊಡನೆ ಇಟಲಿಯನ್ನು ಕುರಿತು 1993ರಲ್ಲಿ ಪ್ರಕಟಿಸಿದ ಗ್ರಂಥವು ಪ್ರಸಿದ್ಧವಾದುದು.

1970ರಲ್ಲಿ ಇಟಲಿಯ 15 ಪ್ರಾಂತಗಳಲ್ಲಿ ಒಂದೇ ಮಾದರಿಯ ಚುನಾಯಿತ ಸರ್ಕಾರಗಳು ಸ್ಥಾಪಿತವಾದವು. ರಚನೆ ಒಂದೇ ಆದರೂ ಉತ್ತರದ ಎಮಿಲಿಯಾ-ರೊಮಾನ್ಯದಲ್ಲಿ ಆಡಳಿತವು ದಕ್ಷವಾಗಿಯೂ ದಕ್ಷಿಣದ ಕಲಾಬ್ರಿಯದಲ್ಲಿ ತೀರ ದುರ್ಬಲವಾಗಿಯೂ ನಡೆಯಿತು. ಇದರ ಕಾರಣವನ್ನರಸಿ ಪಟ್ನಮ್ ಅವರು ನಾಲ್ಕು ಅಂಶಗಳನ್ನು ಅಳೆದರು: ಕ್ರೀಡಾ ಮತ್ತು ಸಾಂಸ್ಕೃತಿಕ ಸಂಘಗಳ ಸಂಖ್ಯೆ, ದಿನಪತ್ರಿಕೆ ಓದುವ ಮನೆಗಳ ಪ್ರಮಾಣ, ಜನಮತಗಣನೆಗಳಲ್ಲಿನ ಮತದಾನ, ಹಾಗೂ ಚುನಾವಣೆಯಲ್ಲಿ ಅಭ್ಯರ್ಥಿಯ ಹೆಸರನ್ನು ಸೂಚಿಸಿ ನೀಡಿದ ಮತ. ಕೊನೆಯದನ್ನು ಅವರು ಆಶ್ರಯದಾತರಿಗೆ ಕಟ್ಟುಬಿದ್ದುದರ ಲಕ್ಷಣವೆಂದು ಗಣಿಸಿದರು. ಮೊದಲ ಮೂರು ಹೆಚ್ಚಿದ್ದು ನಾಲ್ಕನೆಯದು ಕಡಿಮೆಯಿದ್ದೆಡೆ ಆಡಳಿತವೂ ಉತ್ತಮವಾಗಿತ್ತು. ಈ ಭೇದದ ಮೂಲವನ್ನು ಅವರು 12ನೆಯ ಶತಮಾನದಲ್ಲಿ ಕಂಡರು: ಉತ್ತರದಲ್ಲಿ ಬೊಲೊನ್ಯ, ಫ್ಲಾರೆನ್ಸ್‌ಗಳಂಥ ಸ್ವಯಮಾಡಳಿತದ ನಗರಗಳು, ದಕ್ಷಿಣದಲ್ಲಿ 1130ರಲ್ಲಿ ಪಟ್ಟವೇರಿದ ಎರಡನೆಯ ರೋಜರನ ನಾರ್ಮನ್ ರಾಜ್ಯ.

ಈ ವಾದದ ಬಲವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಂಟು ಶತಮಾನಗಳನ್ನು ಒಂದೇ ನೆಗೆತದಲ್ಲಿ ದಾಟಿದರೆ ನಡುವಣ ಘಟನೆಗಳು ಮರೆಯಾಗುತ್ತವೆ. 1890ರ ದಶಕದ ಆರಂಭದಲ್ಲಿ ಸಿಸಿಲಿಯ ರೈತರೂ ಗಂಧಕದ ಗಣಿಯ ಕೂಲಿಕಾರರೂ 'ಫಾಶಿ' ಎಂಬ ಸಂಘಗಳನ್ನು ಕಟ್ಟಿಕೊಂಡರು. ಮುಂದಿನ ಶತಮಾನದ ಫ್ಯಾಸಿಸ್ಟ್ ಪಕ್ಷಕ್ಕೂ ಇವಕ್ಕೂ ಹೆಸರಿನ ಹೋಲಿಕೆಯಷ್ಟೇ. ನ್ಯಾಯವಾದ ಗೇಣಿ ಕರಾರಿಗಾಗಿ ಈ ಸಂಘಗಳು ಭೂಮಾಲೀಕರನ್ನು ಎದುರಿಸಿದವು. 1894ರ ಜನವರಿಯಲ್ಲಿ ಪ್ರಧಾನಿ ಕ್ರಿಸ್ಪಿಯ ಸರ್ಕಾರವು ದ್ವೀಪದ ಮೇಲೆ ಸೇನಾಡಳಿತವನ್ನು ಹೇರಿ ಸಂಘಗಳನ್ನು ವಿಸರ್ಜಿಸಿತು. ಸೈನಿಕ ನ್ಯಾಯಾಲಯಗಳು ಮುಂದಾಳುಗಳಿಗೆ ಸೆರೆವಾಸವನ್ನು ವಿಧಿಸಿದವು.

ಕೂಡಿ ನಿಂತವರಿಗೆ ಸೆರೆಮನೆಯೇ ಪ್ರತಿಫಲವಾದ ನಾಡಿನಲ್ಲಿ ಸಂಘಗಳ ಪಟ್ಟಿ ಚಿಕ್ಕದಾದರೆ ಆಶ್ಚರ್ಯವಿಲ್ಲ. ಅಳತೆಗೋಲು ಸಂಘವಿಲ್ಲವೆಂಬುದನ್ನು ತೋರಿಸೀತು. ಅದು ಹುಟ್ಟಲೇ ಇಲ್ಲವೋ, ಹುಟ್ಟಿ ಹತವಾಯಿತೋ ಎಂಬುದನ್ನು ತೋರಿಸದು. ಮೊದಲನೆಯದೆಂದು ಬಗೆದರೆ ಹೊಣೆ ಜನರ ಸ್ವಭಾವದ ಮೇಲೆ ಬೀಳುತ್ತದೆ. ಎರಡನೆಯದೆಂದು ತಿಳಿದರೆ ಪ್ರಭುತ್ವದ ಮೇಲೆ. ಈ ಎರಡನ್ನು ಬೇರ್ಪಡಿಸುವ ಕೆಲಸ ಅಂಕಿಅಂಶಗಳದಲ್ಲ, ಇತಿಹಾಸಕಾರನದೆಂದು ನಾವು ಭಾವಿಸುತ್ತೇವೆ.