ಅರಸರ ಗೀತೆ, ಬ್ಯಾಂಡಿನ ಧಾಟಿ

ಮಾಲೂರು ತಾಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಕಡೆದ ವಿಗ್ರಹಗಳು ದೂರದೂರದ ಗುಡಿಗಳಲ್ಲಿ ನಿಂತಿವೆ. ಅರಸರ ಮೆರವಣಿಗೆಯಲ್ಲಿ ಬ್ಯಾಂಡು ನುಡಿಸಿದವರಿಗೆ ಆ ಭಾಗ್ಯವಿಲ್ಲ. ಅವರ ದುಡಿಮೆ ಗಾಳಿಯಲ್ಲಿ ಕರಗಿಹೋಯಿತು. ಆದರೂ ಕೋಲಾರ ಸೀಮೆಯೆಲ್ಲ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದ ಒಂದು ಧಾಟಿ ಇಂದಿಗೂ ಕೇಳಿಸುತ್ತದೆ. ಅದು ‘ಕಾಯೌ ಶ್ರೀಗೌರಿ’.

1831ರಲ್ಲಿ ಮೈಸೂರಿನ ಆಡಳಿತವನ್ನು ಕಿತ್ತುಕೊಂಡ ಬ್ರಿಟಿಷರು ಅದನ್ನು ಮರಳಿಸಿದ್ದು ಐವತ್ತು ವರ್ಷಗಳ ನಂತರ, 1881ರ ಮಾರ್ಚ್ 25ರಂದು, ಹತ್ತನೇ ಚಾಮರಾಜ ಒಡೆಯರಿಗೆ. ಶಾಕುಂತಲವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ರೆನಿಸಿದ ಆಸ್ಥಾನಕವಿ ಬಸವಪ್ಪ ಶಾಸ್ತ್ರಿಗಳು ಈ ಅರಸರಿಗಾಗಿ ಗೀತೆಯನ್ನು ರಚಿಸಿದರು. ಇಂಗ್ಲೆಂಡಿನ ರಾಜಗೀತೆ ದೇವರಲ್ಲಿ ಬೇಡುವುದನ್ನೇ ಇದು ಗೌರಿಯಲ್ಲಿ ಬೇಡುತ್ತದೆ: ದೊರೆಯನ್ನು ಕಾಯಿ ಎಂದು. ದೊರೆಯ ಹೆಸರೂ ಹಾಡಿನೊಳಗೇ ಇದೆ. ಜಯಚಾಮರಾಜ ಒಡೆಯರ ಕಾಲಕ್ಕೆ ಆ ಜಾಗದಲ್ಲಿ ಅವರ ಹೆಸರು ಬಂದು ಕೂತಿತು!

ದೇವಿಯ ಪ್ರಾರ್ಥನೆಯೊಂದು ಎಲ್ಲ ಮತಗಳ ಪ್ರಜೆಗಳಿದ್ದ ಸಂಸ್ಥಾನದ ಗೀತೆಯಾದದ್ದು ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಆದರೆ ದರ್ಬಾರಿನಲ್ಲಿ, ಮೆರವಣಿಗೆಯಲ್ಲಿ ಅದನ್ನು ಮೊಳಗಿಸಿದ್ದು ಹಿತ್ತಾಳೆಯ ವಾದ್ಯಗಳು. ಕಹಳೆಗೆ ಪದಗಳಿಲ್ಲ. ದೇವಿಯ ಹೆಸರಾಗಲಿ ದೊರೆಯ ಹೆಸರಾಗಲಿ ಅಲ್ಲಿ ಕೇಳಿಸದು. ಉಳಿಯುವುದು ಧಾಟಿ ಮಾತ್ರ. 1926ರಿಂದ 1941ರವರೆಗೆ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರಂಥವರೂ ಗೌರವದಿಂದ ಎದ್ದುನಿಲ್ಲಬಹುದಾದ ಧಾಟಿ ಅದು ಎಂದು ನಾವು ಭಾವಿಸುತ್ತೇವೆ.

ಆ ಬ್ಯಾಂಡಾದರೂ ಯಾರ ಸೊತ್ತು? ಅರಮನೆಯಲ್ಲಿ ಇಂಗ್ಲಿಷ್ ಬ್ಯಾಂಡಿನ ಪಕ್ಕದಲ್ಲೇ ಕರ್ನಾಟಕ ಬ್ಯಾಂಡೂ ಇತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಜರ್ಮನಿಯ ಆಟೊ ಶ್ಮಿಟ್ ಅಲ್ಲಿ ವಾದ್ಯವೃಂದ ನಡೆಸಿದರು. ವೈಣಿಕ ವೆಂಕಟಗಿರಿಯಪ್ಪನವರು ವಾದ್ಯಗಳಿಗೆಂದೇ ಹೊಸ ಬಗೆಯ ರಚನೆಗಳನ್ನು ಮಾಡಿದರು. ಅವಕ್ಕೆ ಇಟ್ಟ ಹೆಸರು ‘ನಗ್ಮಾ’. ಕರ್ನಾಟಕ ಸಂಗೀತದ ವಿದ್ವಾಂಸರೊಬ್ಬರ ರಚನೆಗೆ ನಮ್ಮ ಮನೆಗಳ ಉರ್ದುವಿನಲ್ಲಿ ದಿನವೂ ಓಡಾಡುವ ಹೆಸರು! ಅರಮನೆಯ ಗೋಡೆಯೊಳಗೆ ಇದು ಯಾರಿಗೂ ಅಪರಿಚಿತವೆನಿಸಿರಲಾರದು.

ಅರಸೊತ್ತಿಗೆ ಮುಗಿದ ಮೇಲೆ ಬ್ಯಾಂಡು ಪೊಲೀಸ್ ಇಲಾಖೆಗೆ ಸೇರಿತು. ಈಗ ನವರಾತ್ರಿಯ ಖಾಸಗಿ ದರ್ಬಾರಿನಲ್ಲಿ ಒಡೆಯರ ವಂಶಸ್ಥರು ಸಿಂಹಾಸನವೇರುವಾಗ ‘ಕಾಯೌ ಶ್ರೀಗೌರಿ’ ನುಡಿಸುವವರು ಸರಕಾರಿ ಸಂಬಳದ ಪೊಲೀಸರು. ಜಂಬೂಸವಾರಿಯ ದಿನ ಅಂಬಾರಿಗೆ ಮುಖ್ಯಮಂತ್ರಿ ಹೂ ಹಾಕುವಾಗ ಪೊಲೀಸ್ ಬ್ಯಾಂಡು ನುಡಿಸುವುದು ರಾಷ್ಟ್ರಗೀತೆಯನ್ನು.

ಆ ರಾಷ್ಟ್ರಗೀತೆಯ ಮೇಲೂ ಅರಸನ ನೆರಳು ಬಿದ್ದಿತ್ತು. 1911ರಲ್ಲಿ ಐದನೇ ಜಾರ್ಜ್ ಭಾರತಕ್ಕೆ ಬಂದಾಗ ಅವನನ್ನು ಹೊಗಳಲು ಬರೆದದ್ದು ಎಂಬ ಗುಲ್ಲೆದ್ದಿತ್ತು. ಟಾಗೋರರು ಅದನ್ನು ಖಂಡಿಸಿ ಬರೆದರು. ಅವರು ಹಾಡಿದ್ದನ್ನು ಕೇಳಿ ಐರ್ಲೆಂಡಿನ ಮಾರ್ಗರೆಟ್ ಕಸಿನ್ಸ್ ಅದಕ್ಕೆ ಪಾಶ್ಚಾತ್ಯ ಸ್ವರಲಿಪಿ ಬರೆದದ್ದು 1919ರಲ್ಲಿ, ನಮ್ಮ ಶ್ರೀನಿವಾಸಪುರದ ಗಡಿ ದಾಟಿದರೆ ಸಿಗುವ ಮದನಪಲ್ಲಿಯ ಕಾಲೇಜಿನಲ್ಲಿ.